ಮತ್ತೊಮ್ಮೆ ‘ಸ್ಟಾಕರ್’: ಮಳೆಗಾಲದ ಎರಡು ರಾತ್ರಿಗೊಂದು ಕೈಮರ

ಮಳೆಗಾಲ ಬಂತೆಂದರೆ ಊರ ಕಡೆಯ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಊರಲ್ಲಿ ಬಯಲಾಟ ನಿಂತಿರುತ್ತದೆ, ಇಲ್ಲಿ ಸಭಾಗೃಹಗಳಲ್ಲಿ ಆಟ. ‘ಗದಾಯುದ್ಧ’ ಇದ್ದ ದಿನ ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿ, ಒದ್ದೆ ಕೊಡೆಯನ್ನು ಕಾಲ ಬುಡದಲ್ಲಿಟ್ಟುಕೊಂಡು ಕೂರುವ ನಮ್ಮಲ್ಲಿ ಒಬ್ಬರಾದರೂ ಕೌರವ ಕೊಳದಿಂದ ಎದ್ದು ಬರುತ್ತಾನೋ ಇಲ್ಲವೋ ತಿಳಿಯಲು ಹೋಗಿರುವುದಿಲ್ಲ. ಬರುತ್ತಾನೆ, ತೊಡೆ ಮುರಿಯುತ್ತದೆ, ಅದು ಗೊತ್ತಿದ್ದದ್ದೇ. ಈ ಸಲದ ಕೌರವ ಹೇಗೆ ಏಳುತ್ತಾನೆ, ಅವನ ಮಾತಿನಲ್ಲಿ ಸಿಟ್ಟು ಹೆಚ್ಚೋ ಸಂಕಟ ಹೆಚ್ಚೋ, ನೋಡಬೇಕಾದ್ದು ಅದು.

ಸಿನಿಮಾ ವಿಷಯಕ್ಕೆ ಬಂದರೆ ಮಾತ್ರ ಈ ಬುದ್ಧಿ ನಮಗೆ ಕೈಕೊಡುತ್ತದೆ. ಒಮ್ಮೆ ನೋಡಿದ್ದನ್ನು “ನೋಡಿಯಾಯ್ತು” ಎಂದು ಬದಿಗಿಡುತ್ತೇವೆ. ಅರ್ಥವಾಗದ ಸಿನಿಮಾ ಆದರೆ ಇನ್ನೂ ಸುಲಭ, “ತಲೆಬುಡ ಇಲ್ಲ” ಎಂದು ಕೈ ತೊಳೆದುಕೊಳ್ಳಬಹುದು. ರಷ್ಯನ್ ನಿರ್ದೇಶಕ ಆಂದ್ರೆಯ್ ತಾರ್ಕೊವ್‌ಸ್ಕಿಯ ‘ಸ್ಟಾಕರ್’ ಚಿತ್ರವನ್ನು ನಾನು ಹಾಗೆಯೇ ಇಪ್ಪತ್ತು ವರ್ಷಕ್ಕೂ ಮೇಲೆ ಬದಿಗಿಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಮತ್ತೆ ನೋಡಿದೆ. ಹೇಗೆ ನೋಡಿದೆ, ಎಲ್ಲಿ ಎಡವಿದೆ, ನೀವು ನೋಡುವುದಾದರೆ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಸಲ ನೋಡಿ, ನಡುವೆ ಕಣ್ಣು ಮುಚ್ಚಿ, ಕೊನೆಗೆ ಏನಾಯಿತೆಂದು ತಿಳಿಯದೆ ಎದ್ದು ಬಂದವರಿಗಾಗಿ ಇದು. ನೋಡದೇ ಇರುವವರು ಇಲ್ಲಿಗೇ ನಿಲ್ಲಿಸಿ. ಕೊನೆಯ ದೃಶ್ಯದವರೆಗೂ ಬಾಯಿಬಿಡುವವನಿದ್ದೇನೆ.

ಚಿತ್ರ 1979ರದ್ದು, ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್ ಸ್ಟುಡಿಯೋ ತಯಾರಿಸಿದ್ದು. ಎರಡು ಗಂಟೆ ನಲವತ್ತು ನಿಮಿಷ. ಹಿಂದೊಮ್ಮೆ ಏನೋ ಬಿದ್ದು ಹಾಳಾಗಿ, ಸರ್ಕಾರ ಬೇಲಿ ಹಾಕಿ ಕಾವಲಿಟ್ಟ ಒಂದು ಪ್ರದೇಶ, ಅದರ ಹೆಸರು ‘ಝೋನ್’. ಅದರೊಳಗೊಂದು ಕೋಣೆ. ಅಲ್ಲಿಗೆ ಹೋದವರ ಮನಸ್ಸಿನ ಅತ್ಯಂತ ಆಳದ ಆಸೆ ಈಡೇರುತ್ತದೆ ಎಂಬ ಮಾತಿದೆ. ಕದ್ದು ಒಳಗೆ ಕರೆದೊಯ್ಯುವವನೇ ಸ್ಟಾಕರ್. ಅವನ ಹಿಂದೆ ಒಬ್ಬ ಲೇಖಕ, ಒಬ್ಬ ಪ್ರೊಫೆಸರ್. ಇಷ್ಟೇ ಕಥೆ. ವೈಜ್ಞಾನಿಕ ಕಾಲ್ಪನಿಕ ಚಿತ್ರ ಎನ್ನುತ್ತಾರೆ, ಆದರೆ ಯಂತ್ರವೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಹುಲ್ಲು, ನೀರು, ತುಕ್ಕು ಹಿಡಿದ ಕಬ್ಬಿಣ, ಮೂರು ಜನ.

ನಾನು ಮೊದಲು ನೋಡಿದ್ದು ಪುಣೆಯಲ್ಲಿ, ಕಾಲೇಜಿನ ದಿನಗಳಲ್ಲಿ. 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್, 1964ರಿಂದ ಫಿಲ್ಮ್ ಆರ್ಕೈವ್ ಇರುವ ಊರು ಅದು. ಆ ಗಾಳಿ ಕುಡಿದ ಹುಡುಗರು ಬೀದಿಗೊಂದು ಫಿಲ್ಮ್ ಕ್ಲಬ್ ಕಟ್ಟಿರುತ್ತಾರೆ. ಅಂಥದೊಂದು ಕ್ಲಬ್ಬಿನಲ್ಲಿ ಈ ಚಿತ್ರ ಎರಡು ವಿಡಿಯೋ ಕ್ಯಾಸೆಟ್‌ಗಳಲ್ಲಿ ಬಂದಿತ್ತು. ಹಾಕುವವನು ಎರಡನೆಯದನ್ನು ಮೊದಲು ಹಾಕಿದ. ನಲವತ್ತು ಜನ ತುಂಬಿದ ಕೋಣೆಯಲ್ಲಿ ಅರ್ಧ ಗಂಟೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಇದು ಕಲೆ, ಹೀಗೆ ನಡುವಿನಿಂದಲೇ ಶುರುವಾಗುತ್ತದೆ ಎಂದು ಎಲ್ಲರೂ ಗಂಭೀರವಾಗಿ ಕೂತಿದ್ದೆವು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಹೆಸರು ತೋರಿಸುವುದು ಯಾವಾಗ?” ಎಂದು ಕೇಳಿದಾಗ ಬಣ್ಣ ಬಯಲಾಯಿತು. ಮತ್ತೆ ಮೊದಲಿನಿಂದ ಹಾಕಿದರು. ಅಷ್ಟರಲ್ಲಿ ನನಗೆ ಹಸಿವು, ನಂತರ ನಿದ್ದೆ. ಚಿತ್ರದ ಬಗ್ಗೆ ಇಪ್ಪತ್ತು ವರ್ಷ ನಾನು ಹೊತ್ತುಕೊಂಡಿದ್ದ ಅಭಿಪ್ರಾಯ ಆ ಹಸಿವಿನದ್ದು.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಚಿತ್ರ ಹಾಕುವ ಮುನ್ನ, ಯಾವುದನ್ನೂ ಹುಡುಕದೆ, ಯಾರನ್ನೂ ಕೇಳದೆ, ನಿಮಗೆ ನೆನಪಿರುವುದನ್ನೆಲ್ಲ ಬರೆಯಿರಿ. ಹತ್ತು ಸಾಲು ಸಾಕು. ದೃಶ್ಯ, ಬಣ್ಣ, ಸದ್ದು, ಕೊನೆ. ಸರಿಯೋ ತಪ್ಪೋ ಎಂದು ಯೋಚಿಸಬೇಡಿ.

ನಾನು ಬರೆದದ್ದರಲ್ಲಿ ಎರಡು ಸಾಲು ಹೀಗಿದ್ದವು: “ಪೂರ್ತಿ ಕಂದುಬಣ್ಣದ ಚಿತ್ರ” ಮತ್ತು “ಕೊನೆಗೆ ಮೂವರೂ ಕೋಣೆಯೊಳಗೆ ಹೋಗುತ್ತಾರೆ, ಮಳೆ ಸುರಿಯುತ್ತದೆ”. ಎರಡೂ ತಪ್ಪು. ಝೋನ್‌ಗೆ ಕಾಲಿಟ್ಟ ಕ್ಷಣದಿಂದ ಚಿತ್ರ ಬಣ್ಣಕ್ಕೆ ತಿರುಗುತ್ತದೆ, ಎಂಥ ಹಸಿರು ಅಂದರೆ ಆಷಾಢದಲ್ಲಿ ಕರ್ಜತ್ ದಾಟಿದ ಮೇಲೆ ಕಾಣುವ ಹಸಿರು. ಮತ್ತೆ, ಕೋಣೆಯೊಳಗೆ ಯಾರೂ ಹೋಗುವುದಿಲ್ಲ. ಹೊಸ್ತಿಲಲ್ಲೇ ಕೂರುತ್ತಾರೆ. ಮಳೆ ಬರುವುದು ಕೋಣೆಯೊಳಗೆ, ಅವರು ಹೊರಗಿನಿಂದ ನೋಡುತ್ತಾರೆ. ಇಡೀ ಚಿತ್ರದ ಹುರುಳೇ ಆ ಹೊಸ್ತಿಲು. ನನ್ನ ತಲೆ ಅದನ್ನು ಸಲೀಸಾಗಿ ದಾಟಿಬಿಟ್ಟಿತ್ತು! ನನಗೆ ಒಂದು ಮುಕ್ತಾಯ ಬೇಕಿತ್ತು, ಚಿತ್ರ ಕೊಡಲಿಲ್ಲ, ನಾನೇ ಸೇರಿಸಿಕೊಂಡಿದ್ದೆ.

ಈ ಹಾಳೆಯನ್ನು ಎಸೆಯಬೇಡಿ. ನೀವು ಎಲ್ಲಿ ತಪ್ಪು ನೆನಪಿಟ್ಟುಕೊಂಡಿದ್ದೀರೋ ಅಲ್ಲಿಯೇ ಚಿತ್ರ ನಿಮ್ಮನ್ನು ಕಾಡಿದೆ ಎಂದು ಲೆಕ್ಕ. ಮರುನೋಟದಲ್ಲಿ ಕಣ್ಣು ಅಗಲ ಮಾಡಬೇಕಾದ ಜಾಗಗಳ ಪಟ್ಟಿ ಅದರಲ್ಲೇ ಇದೆ.

ಪ್ರತಿ, ಟಿವಿ, ಹೊತ್ತು

ಇದು ಬೇಸರದ ಭಾಗ, ಬೇಗ ಮುಗಿಸುತ್ತೇನೆ. ದುರಸ್ತಿ ಮಾಡಿದ ಪ್ರತಿಯನ್ನೇ ನೋಡಿ. ಹಳೆಯ ಕ್ಯಾಸೆಟ್ ಪ್ರತಿಗಳಲ್ಲಿ ಕಂದುಬಣ್ಣವೆಲ್ಲ ರಾಡಿ. ಧ್ವನಿ ಆಯ್ಕೆ ಇದ್ದರೆ ಮೋನೋ (ಒಂದೇ ಚಾನೆಲ್‌ನ ಧ್ವನಿ) ಆರಿಸಿ, ಚಿತ್ರದ ಮೂಲ ಧ್ವನಿ ಮೋನೋ. ಹಳೆಯದೊಂದು ಡಿವಿಡಿಯಲ್ಲಿ ಅದನ್ನು ಬಹುಚಾನೆಲ್‌ಗೆ ಹರಡಲು ಹೋಗಿ, ಇಲ್ಲದ ಸದ್ದನ್ನೆಲ್ಲ ಸೇರಿಸಿದ್ದರು. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ, ಕ್ರಿಕೆಟ್‌ಗೆ ಅದು ಚೆಂದ, ಇದಕ್ಕೆ ವಿಷ. ಅದನ್ನು ಆಫ್ ಮಾಡಿಬಿಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಸೈಲೆಂಟ್‌ನಲ್ಲಿ ಪಕ್ಕದಲ್ಲಿಟ್ಟುಕೊಳ್ಳುವುದು ಲೆಕ್ಕಕ್ಕಿಲ್ಲ.

ಚಿತ್ರ ಎರಡು ಭಾಗದಲ್ಲಿದೆ. ಮೊದಲನೆಯದು ಗಂಟೆಗಿಂತ ತುಸು ಹೆಚ್ಚು, ಎರಡನೆಯದು ಒಂದೂವರೆ ಗಂಟೆ. ಚಹಾ ಎರಡರ ನಡುವೆ ಮಾತ್ರ. ಬೇಕೆಂದಲ್ಲಿ ನಿಲ್ಲಿಸಿದರೆ ಈ ಚಿತ್ರದ ಉಸಿರು ತಪ್ಪುತ್ತದೆ. ಇಡೀ ಚಿತ್ರದಲ್ಲಿರುವುದು ಸುಮಾರು 140 ಶಾಟ್ ಅಷ್ಟೇ. ಅಂದರೆ ಒಂದೊಂದು ಶಾಟ್ ಸರಾಸರಿ ನಿಮಿಷಕ್ಕೂ ಹೆಚ್ಚು. ಬಾಯಾರಿಕೆಯೆಂದು ಎದ್ದು ಅಡುಗೆಮನೆಗೆ ಹೋಗಿ ಬಂದರೆ ಏನೂ ತಪ್ಪಿಲ್ಲವೆಂದು ಅನ್ನಿಸುತ್ತದೆ. ತಪ್ಪಿರುತ್ತದೆ.

ಮುಂಬೈಯಲ್ಲಿ ಮೌನ ಹುಡುಕುವುದು ಕಷ್ಟ. ನಮ್ಮ ಕಟ್ಟಡದ ಹಿಂದೆಯೇ ರೈಲು ಹಳಿ. ಕಿಟಕಿ ಮುಚ್ಚಿದರೂ ಗಾಜು ಗುಂಯ್‌ಗುಡುತ್ತದೆ. ಮೊದಲು ಹೆಡ್‌ಫೋನ್ ಹಾಕಿ ನೋಡೋಣವೆಂದಿದ್ದೆ. ಹಾಕದಿದ್ದದ್ದೇ ಒಳ್ಳೆಯದಾಯಿತು, ಯಾಕೆಂದು ಮುಂದೆ ಹೇಳುತ್ತೇನೆ. ಮಳೆ ಜೋರಾಗಿರುವ ರಾತ್ರಿ, ಹನ್ನೊಂದರ ಮೇಲೆ, ಹೊಟ್ಟೆ ತುಂಬಾ ಉಣ್ಣದೆ ಕೂರಿ. ಗಂಜಿ ಸಾಕು.

ದೊಡ್ಡ ಪರದೆಯಲ್ಲೇ ಬೇಕೆಂದರೆ ವರ್ಷದ ಆರಂಭದಲ್ಲಿ ಪುಣೆಯ ಚಿತ್ರೋತ್ಸವ, ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿ ಇವೆ, ಹಳೆಯ ಚಿತ್ರಗಳ ವಿಭಾಗದ ಮೇಲೆ ಒಂದು ಕಣ್ಣಿಟ್ಟಿರಿ.

ಒಂದೇ ಎಳೆ ಹಿಡಿಯಿರಿ

ಮರುನೋಟದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಳ್ಳುತ್ತೇನೆಂದು ಹೊರಟರೆ ಮತ್ತೆ ನಿದ್ದೆಯೇ ಗತಿ. ಒಂದು ಎಳೆ ಆರಿಸಿ, ಅದರ ಹಿಂದೆ ಹೋಗಿ. ಬಣ್ಣ ಆಗಬಹುದು, ನೀರು ಆಗಬಹುದು, ಕಪ್ಪು ನಾಯಿ ಆಗಬಹುದು. ನಾನು ಆರಿಸಿದ್ದು ಸದ್ದು.

ಬೇಲಿಯ ಕಾವಲು ತಪ್ಪಿಸಿಕೊಂಡ ಮೂವರು ಹಳಿಯ ಮೇಲೆ ಓಡುವ ಸಣ್ಣ ಮೋಟರ್ ಟ್ರಾಲಿ ಹತ್ತುತ್ತಾರೆ. ಮುಂದಿನ ಮೂರು ನಾಲ್ಕು ನಿಮಿಷ ನಮಗೆ ಕಾಣುವುದು ಅವರ ತಲೆ, ಕತ್ತು, ಕಿವಿ, ಹಿಂದೆ ಮಸುಕಾಗಿ ಓಡುವ ದಡ. ಕ್ಯಾಸೆಟ್ಟಿನಲ್ಲಿ ನೋಡಿದಾಗ ಇಲ್ಲಿಯೇ ನಾನು ಮಲಗಿದ್ದು. ಈ ಸಲ ಕಣ್ಣಿಗಿಂತ ಕಿವಿ ಕೊಟ್ಟೆ. ಹಳಿಯ ಜೋಡಣೆ ದಾಟುವ ಸದ್ದು, ಟಕ್-ಟಕ್, ಟಕ್-ಟಕ್. ಲೋಕಲ್‌ನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ, ಅದು ಮೈಯೊಳಗೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಆ ಟಕ್ ಒಂದಕ್ಕೆ ಸಣ್ಣ ಬಾಲ ಹತ್ತುತ್ತದೆ, ಮಾರ್ದನಿಯ ಹಾಗೆ. ಇನ್ನೂ ಸ್ವಲ್ಪ ಹೊತ್ತಿಗೆ ಕಬ್ಬಿಣದ ಸದ್ದು ಯಾವುದು, ವಾದ್ಯದ್ದು ಯಾವುದು ತಿಳಿಯುವುದಿಲ್ಲ. ಯಾವ ಕ್ಷಣದಲ್ಲಿ ಬದಲಾಯಿತು? ಹಿಂದಕ್ಕೆ ಓಡಿಸಿ ಮೂರು ಸಲ ಕೇಳಿದೆ, ಗೆರೆ ಸಿಗಲಿಲ್ಲ. ಸಂಗೀತ ನಿರ್ದೇಶಕ ಎದುವಾರ್ದ್ ಆರ್ತೆಮ್ಯೆವ್, ರಷ್ಯಾದ ಇಲೆಕ್ಟ್ರಾನಿಕ್ ಸಂಗೀತದ ಮೊದಲ ಸಾಲಿನವರು, ಸಿಂಥಸೈಸರ್‌ನಲ್ಲಿ ಮಾಡಿದ ಕೆಲಸ ಅದು. ಬೇಲಿ ಹಿಂದೆಲ್ಲೋ ಉಳಿದಿದೆ, ನಿಜವಾದ ಗಡಿಯನ್ನು ನಾವು ಕಿವಿಯಲ್ಲಿ ದಾಟಿರುತ್ತೇವೆ, ದಾಟಿದ್ದು ಗೊತ್ತೇ ಆಗದ ಹಾಗೆ. ತಟ್ಟನೆ ಬಣ್ಣ ಬರುತ್ತದೆ, ಸದ್ದು ನಿಲ್ಲುತ್ತದೆ.

ಹೆಸರು ತೋರಿಸುವಾಗ ಬರುವ ಕೊಳಲಿನ ಹಾಡನ್ನೂ ಗಮನಿಸಿ. ಅದರಡಿಯಲ್ಲಿ ತಂಬೂರಿಯ ಹಾಗೆ ಒಂದೇ ಶ್ರುತಿ ಕದಲದೆ ನಿಂತಿರುತ್ತದೆ. ಮನೆಯಲ್ಲಿ ಭಜನೆ ಕೇಳಿ ಬೆಳೆದವರಿಗೆ ಅದು ಪರಕೀಯ ಅನ್ನಿಸುವುದಿಲ್ಲ.

ಕಂಡದ್ದು ಬೇರೆ, ಹೇಳಿದ್ದು ಬೇರೆ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಹೇಳಿದ್ದು’. ಝೋನ್ ಬಗ್ಗೆ ಚಿತ್ರ ನಮ್ಮ ಕಣ್ಣಿಗೆ ತೋರಿಸಿದ್ದನ್ನು ಮಾತ್ರ ಎಡಕ್ಕೆ ಬರೆಯಬೇಕು. ಪಾತ್ರದ ಬಾಯಲ್ಲಿ ಬಂದದ್ದೆಲ್ಲ ಬಲಕ್ಕೆ.

ಬಲಗಡೆ ಬೇಗ ತುಂಬುತ್ತದೆ. ಝೋನ್ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ಬಂದ ದಾರಿಯಲ್ಲೇ ಹಿಂದಿರುಗಬಾರದು, ನೇರ ದಾರಿಯೇ ಅತಿ ಅಪಾಯದ್ದು, ಹಿಂದೆ ಹೋದವರು ಸತ್ತಿದ್ದಾರೆ, ‘ಮುಳ್ಳುಹಂದಿ’ ಎಂಬ ಹೆಸರಿನ ಹಿರಿಯ ಸ್ಟಾಕರ್ ತಮ್ಮನ ಜೀವ ಕೇಳಲು ಕೋಣೆಗೆ ಹೋದ, ಸಿಕ್ಕಿದ್ದು ಹಣದ ರಾಶಿ, ತನ್ನ ಒಳಗಿನ ಆಸೆ ಯಾವುದೆಂದು ತಿಳಿದು ನೇಣು ಹಾಕಿಕೊಂಡ. ಇವೆಲ್ಲ ಮಾತು.

ಎಡಗಡೆ? ಬಿಳಿ ಬಟ್ಟೆಯ ಪಟ್ಟಿ ಕಟ್ಟಿದ ಕಬ್ಬಿಣದ ನಟ್ಟುಗಳನ್ನು ಸ್ಟಾಕರ್ ಎಸೆದು, ಅವು ಬಿದ್ದಲ್ಲಿಗೆ ಇಬ್ಬರನ್ನು ನಡೆಸುತ್ತಾನೆ. ನಟ್ಟಿಗೆ ಏನೂ ಆಗುವುದಿಲ್ಲ. ಲೇಖಕ ಹಟಕ್ಕೆ ಬಿದ್ದು ಕಟ್ಟಡದ ಕಡೆಗೆ ನೇರ ನಡೆಯುತ್ತಾನೆ. “ನಿಲ್ಲು” ಎಂಬ ದನಿ ಕೇಳುತ್ತದೆ, ಹಿಂದಿರುಗುತ್ತಾನೆ, ಕೂಗಿದ್ದು ತಾವಲ್ಲ ಎಂದು ಉಳಿದಿಬ್ಬರೂ ಹೇಳುತ್ತಾರೆ. ಚೀಲ ಮರೆತು ಹಿಂದೆ ಹೋದ ಪ್ರೊಫೆಸರ್, ಇವರು ಎಷ್ಟೋ ದಾರಿ ನಡೆದು ತಲುಪಿದ ಜಾಗದಲ್ಲಿ ಮೊದಲೇ ಕೂತು ತಿಂಡಿ ತಿನ್ನುತ್ತಿರುತ್ತಾನೆ. ಹಾಳುಬಿದ್ದ ಕಟ್ಟಡದಲ್ಲಿ ಟೆಲಿಫೋನ್ ಹೊಡೆದುಕೊಳ್ಳುತ್ತದೆ, ಯಾರೋ ರಾಂಗ್ ನಂಬರ್. ನನ್ನ ಎಡಗಡೆಯ ಪಟ್ಟಿ ಹತ್ತು ಸಾಲು ದಾಟಲಿಲ್ಲ. ಇದ್ದ ಪ್ರತಿಯೊಂದಕ್ಕೂ ಒಂದು ಸಾಧಾರಣ ವಿವರಣೆ ಕೊಡಬಹುದು, ಕೊಟ್ಟ ಮೇಲೂ ಒಂದು ಚೂರು ಉಳಿಯುತ್ತದೆ.

ಇದಕ್ಕೆ ಮೂಲವಾದ ಕಾದಂಬರಿ ಆರ್ಕಾದಿ ಮತ್ತು ಬೋರಿಸ್ ಸ್ಟ್ರುಗಾತ್‌ಸ್ಕಿ ಸಹೋದರರ 1972ರ ‘ರೋಡ್‌ಸೈಡ್ ಪಿಕ್‌ನಿಕ್’. ಅಲ್ಲಿ ಎಡಗಡೆ ಭರ್ತಿ: ಮೂಳೆ ಕರಗಿಸುವ ದ್ರವ, ಮನುಷ್ಯನನ್ನು ನೆಲಕ್ಕೆ ಒತ್ತಿ ಅಪ್ಪಚ್ಚಿ ಮಾಡುವ ಜಾಗಗಳು. ದಾರಿ ಬದಿ ಕೂತು ತಿಂದು ಕಸ ಬಿಟ್ಟು ಹೋದ ಪ್ರವಾಸಿಗರ ಹಾಗೆ ಅನ್ಯಗ್ರಹದವರು ಬಂದು ಹೋದರು, ಆ ಕಸದಲ್ಲಿ ನಾವು ಇರುವೆಗಳು ಎಂಬುದು ಅದರ ಕಲ್ಪನೆ. ಚಿತ್ರಕಥೆಯನ್ನೂ ಅದೇ ಸಹೋದರರು ಬರೆದರು, ಆದರೆ ತಾರ್ಕೊವ್‌ಸ್ಕಿ ಕಣ್ಣಿಗೆ ಕಾಣುವ ಅದ್ಭುತವನ್ನೆಲ್ಲ ಗುಡಿಸಿ ಹಾಕಿದರು. ಉಳಿದದ್ದು ಒಬ್ಬನ ಮಾತು, ಅದನ್ನು ನಂಬುವುದೋ ಬಿಡುವುದೋ ಎಂಬ ಇಬ್ಬರ ಪೇಚಾಟ. ಕಾದಂಬರಿಯನ್ನು ಮರುನೋಟದ ನಂತರ ಓದಿ. ಮೊದಲೇ ಓದಿದರೆ ಪ್ರತಿ ಹುಲ್ಲಿನಲ್ಲೂ ಬಲೆ ಕಾಣುತ್ತದೆ, ತಾರ್ಕೊವ್‌ಸ್ಕಿ ಗುಡಿಸಿದ್ದನ್ನು ನಿಮ್ಮ ತಲೆ ಮತ್ತೆ ಹರಡುತ್ತದೆ.

ನೋಡದವರೊಬ್ಬರು ಪಕ್ಕದಲ್ಲಿರಲಿ

ನನ್ನ ಪಕ್ಕದಲ್ಲಿದ್ದದ್ದು ಅಮ್ಮ. ಕರೆದದ್ದಲ್ಲ, ನಿದ್ದೆ ಬರದೆ ಬಂದು ಕೂತಳು. ಕುಂದಾಪುರದ ಕಡೆಯವಳು, ಮುಂಬೈಗೆ ಬಂದು ಐವತ್ತು ವರ್ಷವಾದರೂ ಮಾತು ಊರಿನದ್ದೇ. ಇಂಗ್ಲಿಷ್ ಸಬ್‌ಟೈಟಲ್ ಅವಳಿಗೆ ಆಗದು, ಹಾಗಾಗಿ ನಾನು ಕನ್ನಡದಲ್ಲಿ ಸಣ್ಣಗೆ ಹೇಳುತ್ತಾ ಹೋದೆ. ಇದನ್ನು ನೀವೂ ಮಾಡಿ ನೋಡಿ. ಸಬ್‌ಟೈಟಲ್ ಓದಿದಾಗ ತಲೆದೂಗಿದ ಎಷ್ಟೋ ಮಾತು ನಮ್ಮ ಬಾಯಲ್ಲಿ ಹೇಳಲು ಹೋದರೆ ನಿಲ್ಲುವುದಿಲ್ಲ. ಲೇಖಕನ ಉದ್ದುದ್ದ ಭಾಷಣಗಳನ್ನು ನಾನು “ಅವನಿಗೆ ಬೇಜಾರಾಗಿದೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಏನೂ ನಷ್ಟವಾಗಲಿಲ್ಲ.

“ಅಂವ ಎಂತ ಕೆಲ್ಸ ಮಾಡುದ್ ಮಗಾ?” ಎಂದು ಸ್ಟಾಕರನನ್ನು ತೋರಿಸಿ ಕೇಳಿದಳು.

“ದಾರಿ ತೋರಿಸುವವ.”

ಮೂವರು ಹುಲ್ಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಹೂವು ಕೀಳಬಾರದು, ಕಲ್ಲು ಎಸೆಯಬಾರದು, ಜೋರಾಗಿ ಮಾತಾಡಬಾರದು ಎಂಬಂತೆ ಅವನು ಪ್ರತಿ ಹೆಜ್ಜೆಗೂ ಗದರುತ್ತಿದ್ದ. ಅಮ್ಮ ಸ್ವಲ್ಪ ಹೊತ್ತು ನೋಡಿ ಅಂದಳು, “ಇದ್ ನಮ್ ನಾಗಬನ ಇದ್ದಂಗೇ ಇತ್ತಲೆ.”

ನನಗೆ ಅದು ಹೊಳೆದೇ ಇರಲಿಲ್ಲ. ಊರಿನ ಮನೆಯ ಹಿಂದೆ ನಾಗನಿಗೆಂದು ಬಿಟ್ಟ ಬನದಲ್ಲಿ ಒಣ ಕಡ್ಡಿಯನ್ನೂ ಯಾರೂ ಎತ್ತುವುದಿಲ್ಲ. ಎತ್ತಿದರೆ ಏನಾಗುತ್ತದೆ? ಯಾರೂ ಕಣ್ಣಾರೆ ಕಂಡಿಲ್ಲ. ಅಂಥವರಿಗೆ ಹಾಗಾಯಿತಂತೆ, ಇಂಥವರ ಮನೆಯಲ್ಲಿ ಹೀಗಾಯಿತಂತೆ, ಎಲ್ಲ ಬಲಗಡೆಯ ಪಟ್ಟಿ. ಆದರೂ ಬೊಂಬಾಯಿಯಲ್ಲಿ ದುಡಿದು ಇಂಜಿನಿಯರ್ ಆದ ಮೊಮ್ಮಗನೂ ಆ ಬನದ ಹತ್ತಿರ ಬಂದಾಗ ಚಪ್ಪಲಿ ಕಳಚುತ್ತಾನೆ. ಬನ ಉಳಿದಿರುವುದೇ ಹಾಗೆ. ಪುಣೆಯ ಆ ಕೋಣೆಯಲ್ಲಿ ನಾನು ಕೇಳಿಕೊಂಡದ್ದು “ಝೋನ್ ನಿಜವೋ, ಇವನು ಸುಳ್ಳನೋ?” ಎಂಬ ಪ್ರಶ್ನೆ. ನಾಗಬನದ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ. ಅಲ್ಲಿ ಕೇಳುವುದು, ಈ ವರ್ಷ ನಾಗನಿಗೆ ತಂಬಿಲದ ಪೂಜೆ ಕೊಡುವವರು ಯಾರು, ದೀಪ ಇಡುವವರು ಯಾರು ಎಂದು. ಸ್ಟಾಕರನನ್ನು ಆ ಕಣ್ಣಿನಿಂದ ನೋಡಿದರೆ ಅವನ ಅಳು, ಅವನ ಗದರಿಕೆ ಬೇರೆಯೇ ಕಾಣುತ್ತದೆ. ಗುಟ್ಟು ಕಾಯುವವನಿಗಿಂತ ಹೆಚ್ಚಾಗಿ, ಬನಕ್ಕೆ ಬರುವವರು ಕಡಿಮೆಯಾದರೆಂದು ಕಂಗೆಟ್ಟ ಮನುಷ್ಯ.

ಮೂಲೆಗಳನ್ನು ನೋಡಿ

ಎರಡನೆಯ ರಾತ್ರಿ ಪೂರ್ತಿ ಚಿತ್ರ ಬೇಡ. ನಿಮ್ಮ ಪಟ್ಟಿಯಿಂದ ನಾಲ್ಕೈದು ದೃಶ್ಯ ಆರಿಸಿ, ಮುಖಗಳನ್ನು ಬಿಟ್ಟು ಹಿನ್ನೆಲೆಯನ್ನು ನೋಡಿ. ನೀರಿನಡಿಯ ಹೆಂಚಿನ ನೆಲದ ಮೇಲೆ ಕ್ಯಾಮೆರಾ ತೇಲುವ ಶಾಟ್ ಇದೆಯಲ್ಲ, ಅಲ್ಲಿ ಸಿರಿಂಜು, ನಾಣ್ಯ, ಬಂದೂಕು, ಒಂದು ಹಳೆಯ ಧಾರ್ಮಿಕ ಚಿತ್ರದ ತುಣುಕು, ಕ್ಯಾಲೆಂಡರಿನ ಹಾಳೆ. ಅರ್ಥ ಬಿಡಿಸಲು ಹೋಗಬೇಡಿ, ಒಂದೊಂದನ್ನೂ ಹೆಸರಿಟ್ಟು ಗುರುತಿಸಿದರೆ ಸಾಕು. ಝೋನ್ ಒಳಗಿದ್ದರೂ ಆ ಶಾಟ್‌ನಲ್ಲಿ ಬಣ್ಣ ಮತ್ತೆ ಹೋಗಿರುವುದನ್ನೂ ನೋಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯಲ್ಲಿ ಸ್ಟಾಕರನ ಮನೆ. ಒದ್ದೆ ಗೋಡೆ, ಬಡತನ, ಒಂದೇ ಹಾಸಿಗೆ. ಚಿತ್ರದ ಆರಂಭದಲ್ಲಿ ಅಷ್ಟೇ ಕಂಡಿತ್ತು. ಹಿಂದಿರುಗಿ ಬಂದ ಮೇಲೆ ಅದೇ ಮನೆಯ ಇನ್ನೊಂದು ಗೋಡೆ ಕಾಣುತ್ತದೆ, ಅದು ಪೂರ್ತಿ ಪುಸ್ತಕ. ನೆಲದಿಂದ ಮೇಲಿನವರೆಗೆ. ಓದುಬರಹದವರು ಯಾವುದನ್ನೂ ನಂಬುವುದಿಲ್ಲ ಎಂದು ಅದೇ ಮನೆಯಲ್ಲಿ ಗೋಳಾಡುವವನು ಇಷ್ಟೊಂದು ಓದಿದವನು! ದಾರಿಯುದ್ದಕ್ಕೂ ಲೇಖಕ ಅವನನ್ನು ಮುಗ್ಧ ಎಂದುಕೊಂಡಿದ್ದ, ನಾನೂ ಅಂದುಕೊಂಡಿದ್ದೆ. ಮೊದಲ ಸಲ ಆ ಗೋಡೆ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಹಿನ್ನೆಲೆಯ ಕಥೆಗಳನ್ನು ಕೊನೆಗೆ ಇಟ್ಟುಕೊಳ್ಳಿ

ಈ ಚಿತ್ರದ ಸುತ್ತ ಇರುವ ಕಥೆಗಳು ಚಿತ್ರವನ್ನೇ ನುಂಗುವಷ್ಟು ರುಚಿ. 1977ರಲ್ಲಿ ಎಸ್ಟೋನಿಯಾದ ತಾಲಿನ್ ಹತ್ತಿರ ಚಿತ್ರೀಕರಿಸಿದ ರೀಲುಗಳು ಲ್ಯಾಬಿನಲ್ಲಿ ತೊಳೆದ ಮೇಲೆ ಬಳಸಲಾಗದಂತಾದವು. ಛಾಯಾಗ್ರಾಹಕ ಗಿಯೋರ್ಗಿ ರೆರ್ಬೆರ್ಗ್ ಹೊರಹೋದರು, ಮುಂದೆ ಚಿತ್ರ ಮುಗಿಸಿದ್ದು ಅಲೆಕ್ಸಾಂದರ್ ಕ್ನ್ಯಾಜಿನ್‌ಸ್ಕಿ. ಹೆಚ್ಚುಕಡಿಮೆ ಇಡೀ ಚಿತ್ರವನ್ನು ಮತ್ತೆ ತೆಗೆದರು. ಆ ಬಿಡುವಿನಲ್ಲಿ ಸ್ಟ್ರುಗಾತ್‌ಸ್ಕಿಗಳು ಸ್ಟಾಕರನನ್ನು ಒರಟನಿಂದ ನಂಬಿಕೆಯ ಮನುಷ್ಯನನ್ನಾಗಿ ತಿದ್ದಿದರು. ರೀಲು ಕೆಡದಿದ್ದರೆ ನಾವು ನೋಡುವ ಸ್ಟಾಕರನೇ ಇರುತ್ತಿರಲಿಲ್ಲ.

ಚಿತ್ರೀಕರಣದ ಜಾಗ ಹಾಳುಬಿದ್ದ ಜಲವಿದ್ಯುತ್ ಕೇಂದ್ರಗಳ ಸುತ್ತಮುತ್ತ, ರಾಸಾಯನಿಕ ಕಾರ್ಖಾನೆಯೊಂದರ ನೀರು ಹರಿಯುತ್ತಿದ್ದ ನದಿ. ಲೇಖಕನ ಪಾತ್ರದ ಅನಾತೋಲಿ ಸೊಲೊನಿತ್ಸಿನ್ 1982ರಲ್ಲಿ, ತಾರ್ಕೊವ್‌ಸ್ಕಿ 1986ರಲ್ಲಿ ಕ್ಯಾನ್ಸರಿಗೆ ಬಲಿಯಾದರು. ಆ ನೀರೇ ಕಾರಣವೆಂದು ಧ್ವನಿ ವಿಭಾಗದ ವ್ಲಾದಿಮಿರ್ ಶಾರುನ್ ನಂಬಿದ್ದರು. ಅದೇ 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ದುರಂತ, ಮತ್ತೆ ಬೇಲಿ ಹಾಕಿದ ನಿಜವಾದ ‘ಝೋನ್’. ಕದ್ದು ಅದರೊಳಗೆ ಹೋಗುವವರು ತಮ್ಮನ್ನು ಸ್ಟಾಕರ್ ಎಂದೇ ಕರೆದುಕೊಳ್ಳುತ್ತಾರೆ. ಇದನ್ನೆಲ್ಲ ಮೊದಲೇ ಓದಿಕೊಂಡು ಕೂತರೆ ನೀರು ಕಂಡಾಗಲೆಲ್ಲ ವಿಷ ಕಾಣುತ್ತದೆ, ಮರ ಕಂಡಾಗಲೆಲ್ಲ ವಿಕಿರಣ. ಚಿತ್ರ ಏಳು ವರ್ಷ ಮೊದಲೇ ಬಂದಿತ್ತು, ಭವಿಷ್ಯ ಹೇಳಲು ಬಂದದ್ದಲ್ಲ. ನನಗಂತೂ ಆ ಕಟ್ಟಡಗಳು ಮುಂಬೈಯ ಲಾಲ್‌ಬಾಗಿನ ಮುಚ್ಚಿದ ಬಟ್ಟೆ ಮಿಲ್ಲುಗಳ ಹಾಗೆ ಕಂಡವು.

ಅಭಿಪ್ರಾಯ ಬದಲಾದರೆ ಯಾವ ದೃಶ್ಯದಲ್ಲಿ ಎಂದು ಗುರುತಿಡಿ

“ಈ ಸಲ ಹಿಡಿಸಿತು” ಎಂದು ಬರೆದರೆ ಪ್ರಯೋಜನವಿಲ್ಲ. ಎಲ್ಲಿ, ಯಾರ ಮುಖ ಕಂಡಾಗ, ಅಷ್ಟು ಬೇಕು.

ನನ್ನದು ಹೆಂಡತಿಯ ದೃಶ್ಯ. ಹಿಂದಿರುಗಿ ಬಂದ ಸ್ಟಾಕರ್ ಯಾರೂ ನಂಬುವುದಿಲ್ಲವೆಂದು ಅತ್ತು ಮಲಗುತ್ತಾನೆ. ಅವಳು ಅವನ ಬಟ್ಟೆ ಬಿಚ್ಚಿ, ಔಷಧಿ ಕೊಟ್ಟು, ಸಮಾಧಾನ ಮಾಡಿ, ಬೇಕಾದರೆ ನಾನೇ ನಿನ್ನ ಜೊತೆ ಬರುತ್ತೇನೆ ಅನ್ನುತ್ತಾಳೆ. ಅವನು ಬೇಡ ಅನ್ನುತ್ತಾನೆ, ನಿನಗೂ ಏನೂ ಆಗದಿದ್ದರೆ? ಆಮೇಲೆ ಅವಳು ಕಿಟಕಿಯ ಪಕ್ಕ ಕೂತು ಸಿಗರೇಟು ಹಚ್ಚಿ ನೇರ ನಮ್ಮನ್ನೇ ನೋಡಿ ಮಾತಾಡುತ್ತಾಳೆ. ಇಂಥವನನ್ನು ಕಟ್ಟಿಕೊಳ್ಳಬೇಡವೆಂದು ತಾಯಿ ಹೇಳಿದ್ದಳು, ಕಷ್ಟ ಬಂತು, ನಾಚಿಕೆಯೂ ಬಂತು, ಆದರೂ ಪಶ್ಚಾತ್ತಾಪ ಪಡಲಿಲ್ಲ ಎಂಬ ಅರ್ಥದ ಮಾತು. ನಟಿ ಅಲಿಸಾ ಫ್ರೈಂದ್‌ಲಿಹ್. ಹಿಂದೆ ನೋಡಿದಾಗ, ಚಿತ್ರ ಮುಗಿಯುವ ಹೊತ್ತಿಗೆ ಇದೇಕೆ ಎಂದು ಗೊಣಗಿದ್ದೆ.

ಅಮ್ಮ ಅಲ್ಲಿಯವರೆಗೆ ತೂಕಡಿಸುತ್ತಿದ್ದವಳು ನೆಟ್ಟಗೆ ಕೂತಳು. “ಆ ಹೆಂಗ್ಸಿನ್ ಇಷ್ಟೊತ್ತೂ ಯಾರೂ ಕೇಂತಿಲ್ಲೆ ಕಾಣ್” ಅಂದಳು. ಸ್ಟಾಕರನ ಹೆಂಡತಿಯ ಮಾತನ್ನು ಕನ್ನಡ ಮಾಡಿ ಹೇಳಲು ಹೋದೆ, ಅಮ್ಮ ಬೇಡವೆಂದು ಕೈ ಅಲ್ಲಾಡಿಸಿದಳು.

ಅಪ್ಪಯ್ಯ ಲಾಲ್‌ಬಾಗಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿದ್ದರು. 1982ರ ಜನವರಿಯಲ್ಲಿ ಮುಷ್ಕರ ಶುರುವಾಯಿತು, ಮಿಲ್ಲು ಮತ್ತೆ ತೆರೆಯಲೇ ಇಲ್ಲ. ಆದರೂ ಎರಡು ವರ್ಷ ಅಪ್ಪಯ್ಯ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಗೇಟಿನ ಮುಂದೆ ನಿಂತು ಬರುತ್ತಿದ್ದರು, ಈ ತಿಂಗಳು ತೆರೆಯುತ್ತದೆ, ಮುಂದಿನ ತಿಂಗಳು ತೆರೆಯುತ್ತದೆ. ಆ ಎರಡು ವರ್ಷ ಮನೆ ನಡೆದದ್ದು ಅಮ್ಮನ ಹಪ್ಪಳ, ಸಂಡಿಗೆಯ ಮೇಲೆ. ಅಂಗಿಗೆ ಇಸ್ತ್ರಿ ಹಾಕಿದ್ದೂ ಅವಳೇ. ನಾವು ಮಕ್ಕಳು ದೊಡ್ಡವರಾದ ಮೇಲೆ ಅಪ್ಪಯ್ಯನ ಆ ಎರಡು ವರ್ಷದ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ, ನಕ್ಕಿದ್ದೇವೆ. ಅಮ್ಮನಿಗೆ ಆಗ ಏನನ್ನಿಸಿತ್ತು ಎಂದು ಕೇಳಿದವರಿಲ್ಲ. ನನ್ನ ಹಾಳೆಯಲ್ಲಿ ಆ ರಾತ್ರಿ ಇಷ್ಟೇ ಬರೆದೆ: “ಹೆಂಡತಿ, ಕಿಟಕಿ, ಸಿಗರೇಟು.”

ಕೊನೆಯ ದೃಶ್ಯಕ್ಕೆ ಒಂದು ಲೋಟ

ಚಿತ್ರದ ಆರಂಭದಲ್ಲಿ ಹಾಸಿಗೆಯ ಪಕ್ಕದ ಮೇಜು. ರೈಲು ಹಾದುಹೋಗುತ್ತದೆ, ಮೇಜು ಅದುರುತ್ತದೆ, ಮೇಲಿನ ಗಾಜಿನ ಲೋಟವೂ ಅದುರುತ್ತದೆ. ಕೊನೆಯಲ್ಲಿ ಸ್ಟಾಕರನ ನಡೆಯಲಾಗದ ಮಗಳು ಮೇಜಿಗೆ ಕೆನ್ನೆಯಿಟ್ಟು ಮೂರು ಲೋಟಗಳನ್ನು ನೋಡುತ್ತಾಳೆ. ಒಂದೊಂದಾಗಿ ಅವು ಜರುಗುತ್ತವೆ, ಒಂದು ಕೆಳಗೆ ಬೀಳುತ್ತದೆ. ನಾಯಿ ಕುಂಯ್‌ಗುಡುತ್ತದೆ. ಆಮೇಲೆ ರೈಲು ಬರುತ್ತದೆ. ‘ಆಮೇಲೆ’ ಎಂಬುದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಳ್ಳಿ, ನನ್ನ ನೆನಪಿನಲ್ಲಿ ರೈಲು ಮೊದಲಿತ್ತು. ಈ ದೃಶ್ಯ ಬಣ್ಣದಲ್ಲಿದೆ, ಝೋನ್‌ನ ಹೊರಗಿದ್ದರೂ.

ಹಳಿಯ ಪಕ್ಕ ಮನೆಯಿರುವವರಿಗೆ ಇದನ್ನು ಪರೀಕ್ಷಿಸುವ ಅನುಕೂಲವಿದೆ. ಮರುದಿನ ರಾತ್ರಿ ಕಿಟಕಿಯ ಬಳಿಯ ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ಅರ್ಧ ನೀರಿಟ್ಟು, ತಳದ ಸುತ್ತ ಪೆನ್ಸಿಲ್ ಗೆರೆ ಎಳೆದೆ. ಕಲ್ಯಾಣದ ಸ್ಲೋ ಲೋಕಲ್ ಹೋಯಿತು, ನೀರಿನಲ್ಲಿ ಸಣ್ಣ ಬಳೆಗಳು ಎದ್ದವು, ಲೋಟ ಕದಲಲಿಲ್ಲ. ಫಾಸ್ಟ್ ಲೋಕಲ್ ಹೋಯಿತು, ಬಳೆಗಳು ಒಂದರೊಳಗೊಂದು ಸೇರಿದವು. ಕೊನೆಯ ಲೋಕಲ್ ಹೋದ ಮೇಲೆ ಬಂದದ್ದು ಉದ್ದನೆಯ ಗೂಡ್ಸ್ ಗಾಡಿ, ಮುಗಿಯುವಷ್ಟರಲ್ಲಿ ಲೋಟ ಗೆರೆಯಿಂದ ಅರ್ಧ ಬೆರಳಿನಷ್ಟು ಕಿಟಕಿಯ ಕಡೆಗೆ ಜರುಗಿತ್ತು. ನಾನು ಬಾಗಿ ಕೆನ್ನೆಯನ್ನು ಮೇಜಿಗಿಟ್ಟು ನೋಡುತ್ತಿದ್ದೆ.

ನೀರು ಕುಡಿಯಲು ಎದ್ದ ಅಮ್ಮ ದೀಪ ಹಾಕಿ ನನ್ನನ್ನೂ ಲೋಟವನ್ನೂ ನೋಡಿದಳು.

“ಆ ಮೇಜಿನ್ ಒಂದ್ ಕಾಲ್ ಗಿಡ್ಡ ಮಗಾ, ನಿನ್ ಅಪ್ಪಯ್ಯ ಇದ್ದಾಗ್ಳಿಂದ್ಲೂ” ಎಂದು ಲೋಟ ಎತ್ತಿ ಕುಡಿದು ಒಳಗೆ ಹೋದಳು.